ಬೆರಳಗಲ ಬಿಟ್ಟ ಅಂಚು

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಯಲ್ಲಿದ್ದ ಎಕ್ಸ್‌ರೇ ಕವರನ್ನು ಮೇಜಿನ ಮೇಲಿಟ್ಟು, "ಮೊದಲು ಇದನ್ನ ನೋಡಿ ಮೇಡಂ, ಆಮೇಲೆ ಬರ್ಕೊಳ್ಳಿ" ಎಂದರು.

ಹೆಡ್ ಕಾನ್ಸ್‌ಟೇಬಲ್ ಅದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಬಲಗೈ ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿತ್ತು. ಅದನ್ನು ತಿಳಿಯಲು ಡಾಕ್ಟರಿಕೆ ಓದಬೇಕಾಗಿರಲಿಲ್ಲ.

"ಯಾರದ್ದು?"

"ನಮ್ಮ ಯಜಮಾನ್ರದ್ದು."

"ಏನು ಕೆಲಸ ಅವರದ್ದು?"

"ಬೀಗ ರಿಪೇರಿ. ಕೀ ಮಾಡಿಕೊಡ್ತಾರೆ. ಅಂಗಡಿ ಅಂತ ಬೇರೆ ಇಲ್ಲ, ಆ ಬಲಗೈಯೇ ಅಂಗಡಿ."

ಹಿಂದಿನ ದಿನ ಸಂಜೆ ಐದೂವರೆಯ ಸುಮಾರಿಗೆ ಬೀಗದವರು ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ಒಂದು ಗೋದಾಮಿನ ಬೀಗ ಸರಿಮಾಡಿ ಸೈಕಲ್ಲಿನಲ್ಲಿ ವಾಪಸಾಗುತ್ತಿದ್ದರು. ಹಿಂದಿನಿಂದ ಬಂದ ಬೂದು ಬಣ್ಣದ ಕಾರು ಪಕ್ಕಕ್ಕೆ ಒತ್ತಿ ಅವರನ್ನು ಕೆಡವಿತು. ಸ್ವಲ್ಪ ಮುಂದೆ ಹೋಗಿ ನಿಂತಿತು. ಬಾಗಿಲು ತೆರೆದ ಸದ್ದಾಯಿತು. ಬೀಗದವರು ಹೇಗೋ ಎದ್ದು ಕೂತರು. ಬಾಗಿಲು ಮತ್ತೆ ಮುಚ್ಚಿಕೊಂಡಿತು, ಕಾರು ಹೊರಟುಹೋಯಿತು. ನಂಬರ್ ನೋಡುವ ಸ್ಥಿತಿಯಲ್ಲಿ ಅವರಿರಲಿಲ್ಲ.

"ಹತ್ತು ದಿನದೊಳಗೆ ಪ್ಲೇಟ್ ಹಾಕ್ಬೇಕು ಅಂದಿದ್ದಾರೆ ಡಾಕ್ಟ್ರು. ತಡ ಆದ್ರೆ ಮೂಳೆ ಸೊಟ್ಟಗೆ ಕೂಡ್ಕೊಳ್ಳುತ್ತಂತೆ, ಬೆರಳು ಪೂರ್ತಿ ಮಡಚೋಕೆ ಬರಲ್ವಂತೆ. ಆಪರೇಷನ್ನಿಗೆ ಕಟ್ಟೋ ಅಷ್ಟು ನಮ್ಮ ಹತ್ರ ಇಲ್ಲ. ಗಾಡಿ ಸಿಕ್ಕಿದ್ರೆ ಅದರ ಇನ್ಶೂರೆನ್ಸ್ ಕೊಡುತ್ತೆ ಅಂದ್ರು ಆಸ್ಪತ್ರೆಯೋರು." ಆಕೆ ಎಕ್ಸ್‌ರೇಯನ್ನು ಮತ್ತೆ ಕವರಿಗೆ ತುಂಬಿಕೊಂಡರು. "ಗಾಡಿ ಸಿಗುತ್ತಾ ಮೇಡಂ?"

"ಸಿಗುತ್ತೆ" ಎಂದುಬಿಟ್ಟರು ಹೆಡ್ ಕಾನ್ಸ್‌ಟೇಬಲ್. ದೂರುದಾರರಿಗೆ ಹೀಗೆ ಮಾತು ಕೊಡಬಾರದೆಂದು ಇಲಾಖೆ ತರಬೇತಿಯಲ್ಲೇ ಹೇಳಿಕೊಡುತ್ತದೆ. ಆದರೆ ಆಡಿದ ಮಾತು, ಒಡೆದ ಮುತ್ತು. ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಸ್ಥಳಕ್ಕೆ ಹೋದರು. ಇವರು ನಿಧಾನಸ್ಥರು. ಅವಸರದಲ್ಲಿ ಹಿಡಿದ ಕಳ್ಳ ಅವಸರದಲ್ಲೇ ಬಿಡುಗಡೆಯಾಗುತ್ತಾನೆ ಎಂಬುದು ಅವರ ನಂಬಿಕೆ. ಜೊತೆಗೆ ಹೆಡ್ ಕಾನ್ಸ್‌ಟೇಬಲ್ ಮತ್ತು ಠಾಣೆಯಲ್ಲಿ ಎಲ್ಲರೂ 'ಸೈಲೆನ್ಸರ್' ಎಂದು ಕರೆಯುವ ಕಾನ್ಸ್‌ಟೇಬಲ್ ಇದ್ದರು. ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳಿಸುವ ದನಿಯವನಿಗೆ ಆ ಹೆಸರಿಟ್ಟ ಪುಣ್ಯಾತ್ಮ ಯಾರೋ, ವರ್ಗವಾಗಿ ಹೋಗಿದ್ದಾನೆ.

ಗಲ್ಲಿಯಲ್ಲಿ ಸಾಲಾಗಿ ಗೋದಾಮುಗಳು, ಕೊನೆಯಲ್ಲಿ ಶಾಲೆಯ ಹಿಂದಿನ ಗೇಟು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಸೈಕಲ್ಲಿನ ಬಲಗಡೆ ಬ್ರೇಕಿನ ತುದಿಯಲ್ಲಿ ಉಗುರಿನಷ್ಟು ಬಣ್ಣದ ಚಕ್ಕೆ ಸಿಕ್ಕಿಕೊಂಡಿತ್ತು. ಮೇಲೆ ಬೂದು, ಕೆಳಗೆ ಬಿಳಿ. ಅದನ್ನು ಕಾಗದದ ಪೊಟ್ಟಣದಲ್ಲಿ ಹಾಕಿ ಸೀಲ್ ಮಾಡಿದರು. ಸೈಕಲ್ಲಿನ ಬಲಕ್ಕೆ ತಾಗಿದೆ ಎಂದರೆ ಕಾರಿನ ಎಡಮಗ್ಗುಲು. ಬ್ರೇಕಿನ ಎತ್ತರ ನೋಡಿದರೆ ಬಾಗಿಲು.

"ಊರಲ್ಲಿ ಬೂದು ಕಾರು ಎಷ್ಟಿರಬಹುದು ಸಾರ್?" ಎಂದ ಸೈಲೆನ್ಸರ್.

"ಎಡಬಾಗಿಲು ಕೆಟ್ಟಿರೋದು ಕಡಿಮೆ ಇರ್ತಾವೆ. ಕೆಟ್ಟಿದ್ದನ್ನ ಸರಿಮಾಡಿಸೋಕೆ ಹೊರಟಿರೋದು ಇನ್ನೂ ಕಡಿಮೆ. ಪೇಂಟರ್‌ಗಳನ್ನ ಕೇಳಿ."

ಎರಡು ದಿನ ಪೇಂಟಿಂಗ್ ಶೆಡ್ಡುಗಳನ್ನು ಸುತ್ತಿದ್ದಾಯಿತು. ಬೂದು ಕಾರು ಎಲ್ಲಿಗೂ ಬಂದಿರಲಿಲ್ಲ. ಕೊನೆಯ ಶೆಡ್ಡಿನ ಪೇಂಟರ್ ಮಾತಿನ ಮಲ್ಲ. ಕೇಳಿದ್ದು ಒಂದಾದರೆ ಹೇಳಿದ್ದು ಹತ್ತು.

"ಒಂದು ಪ್ಯಾನೆಲ್‌ಗೆ ಎಷ್ಟು ತಗೋತೀರಿ?" ಎಂದು ಹೆಡ್ ಕಾನ್ಸ್‌ಟೇಬಲ್ ಕೇಳಿದರು.

"ಎಂಟು ಸಾವಿರ. ಮೆಟಾಲಿಕ್ ಬಣ್ಣ ಆದ್ರೆ ಒಂಬತ್ತು."

"ಒಂದು ಬಾಗಿಲಿಗಾ?"

"ಬಣ್ಣ ಒಂದು ಬಾಗಿಲಿಗೇ ಮೇಡಂ, ಕೆಲಸ ಮೂರಕ್ಕೆ. ಹಳೇ ಬಣ್ಣ ಬಿಸಿಲಿಗೆ ಬಾಡಿರುತ್ತೆ. ಇದೊಂದಕ್ಕೇ ಹೊಸದು ಹೊಡೆದ್ರೆ ತೇಪೆ ಹಾಕಿದ ಹಾಗೆ ಕಾಣುತ್ತೆ. ಪಕ್ಕದ್ದಕ್ಕೂ ತೆಳ್ಳಗೆ ಎಳೀಬೇಕು. ತಗ್ಗು ಎತ್ತಿ, ಪಟ್ಟಿ ಪೇಸ್ಟ್ ತುಂಬಿ, ಉಜ್ಜಿ, ಪ್ರೈಮರ್, ಬಣ್ಣ, ಮೇಲೆ ಹೊಳಪಿಗೆ ಕ್ಲಿಯರ್. ನಾಲ್ಕು ದಿನ."

"ನಾವೇ ಮಾಡ್ಕೊಂಡ್ರೆ?" ಎಂದ ಸೈಲೆನ್ಸರ್. ಅವನ ಸ್ವಂತ ಕಾರಿಗೆ ಹನ್ನೆರಡು ವರ್ಷ. ಅದಕ್ಕೆ ಎಂಟು ಸಾವಿರದ ಬಣ್ಣವೆಂದರೆ ಮೂಗಿಗಿಂತ ಮೂಗುತಿ ಭಾರ.

"ಡಬ್ಬಿ, ಪಟ್ಟಿ, ಎಮರಿ ಪೇಪರ್, ಟೇಪು ಎಲ್ಲಾ ಸೇರಿ ಒಂದೂವರೆ ಸಾವಿರದಲ್ಲಿ ಮುಗಿಯುತ್ತೆ."

"ನೋಡಿದ್ರಾ ಮೇಡಂ. ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಅಂತಾರೆ."

"ಬಣ್ಣದಲ್ಲಿ ಅದು ಉಲ್ಟಾ ಸಾರ್. ತಾನು ಮಾಡಿದ್ದೇ ಹಾಳು. ಆರು ತಿಂಗಳಿಗೆ ನನ್ನ ಹತ್ರಾನೇ ಬರ್ತೀರಿ. ಆಗ ನಿಮ್ಮದನ್ನ ಕೆರೆಯೋ ಕೂಲಿ ಸೇರಿ ಹನ್ನೆರಡು ಸಾವಿರ." ಪೇಂಟರ್ ಖುಷಿಯಲ್ಲಿದ್ದ. "ನಿಮ್ಮ ಆಸಾಮಿ ನಮ್ಮ ಕಡೆ ಬಂದಿಲ್ಲ ಅಂದ್ರೆ ಮನೇಲೇ ಹೊಡ್ಕೊಂಡಿದ್ದಾನೆ. ದುಡ್ಡಿಲ್ಲದೋನು. ಬಣ್ಣ ಸೋರಿದ ಬಾಗಿಲು ಹುಡುಕಿ, ಸಿಗ್ತಾನೆ."

ಆ ಮಾತು ನಂಬಿದ್ದರಿಂದ ಬುಧವಾರ ಪೂರ್ತಿ ಹಾಳಾಯಿತು. ಸೈಲೆನ್ಸರ್ ನಾಲ್ಕು ಬಡಾವಣೆ ಸುತ್ತಿ ಬಣ್ಣ ಸೋರಿದ ಎಡಬಾಗಿಲೊಂದನ್ನು ಹುಡುಕಿಯೇಬಿಟ್ಟ. ಮಾಲೀಕ ಕಾಲೇಜಿನ ಲೆಕ್ಕದ ಮೇಷ್ಟ್ರು. ಪೊಲೀಸರನ್ನು ಕಂಡೊಡನೆ, "ಅದು ನಾನು ಮಾಡಿದ್ದಲ್ಲ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದು ಠಾಣೆಗೆ ಕರೆತಂದು ಕೂರಿಸಿದರೆ, ಮೇಷ್ಟ್ರ ಹೆಂಡತಿ ಫೋನಿನಲ್ಲಿ ಹೋದ ವರ್ಷದ ಫೋಟೊ ಹಿಡಿದುಕೊಂಡು ಬಂದರು. ಅದರಲ್ಲೂ ಬಾಗಿಲು ಹಾಗೇ ಸೋರುತ್ತಿತ್ತು. ಮೇಷ್ಟ್ರು ಹೆದರಿದ್ದು ಪೊಲೀಸರಿಗಲ್ಲ. ಆ ಬಣ್ಣ ತಾವು ಹೊಡೆದದ್ದಲ್ಲ, ಗ್ಯಾರೇಜಿನವರದ್ದು ಎಂದು ಮನೆಯಲ್ಲಿ ಸುಳ್ಳು ಹೇಳಿದ್ದರು.

ಆ ಸಂಜೆ ಹೆಡ್ ಕಾನ್ಸ್‌ಟೇಬಲ್ ಆಸ್ಪತ್ರೆಗೆ ಹೋಗಿ ಬಂದರು. ಬೀಗದವರು ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು, ಹೊರಗೆ ಕಾಣುವ ಬೆರಳುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡುತ್ತಿದ್ದರು. ಕಿರುಬೆರಳು ಅಲುಗುತ್ತಿರಲಿಲ್ಲ. ಹೆಂಡತಿ ಏನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು ಅನ್ನಿಸಿತು ಹೆಡ್ ಕಾನ್ಸ್‌ಟೇಬಲ್‌ಗೆ.

ಗುರುವಾರ ಬಣ್ಣದ ಸಾಮಾನಿನ ಅಂಗಡಿಗಳ ಸರದಿ. ಬಸ್ ನಿಲ್ದಾಣದ ಪಕ್ಕದ ಅಂಗಡಿಯವನು ತಲೆ ಕೆರೆದುಕೊಂಡು ಹೇಳಿದ: "ಬೂದು ಬಣ್ಣದ ಡಬ್ಬಿ ದಿನಾ ಹೋಗುತ್ತೆ. ಆದ್ರೆ ಸೋಮವಾರ ಒಬ್ಬರು ಬಂದಿದ್ರು, ನೆನಪಿದೆ. ವಯಸ್ಸಾದೋರು. ಡಬ್ಬಿಯ ಮುಚ್ಚಳ ಒಂದೊಂದಾಗಿ ತಗೊಂಡು ಹೊರಗಡೆ ಬಿಸಿಲಿಗೆ ಹೋಗಿ ನೋಡ್ಕೊಂಡು ಬಂದ್ರು. ಒಳಗೇ ಟ್ಯೂಬ್‌ಲೈಟ್ ಇದೆಯಲ್ಲ ಅಂದ್ರೆ, ಲೈಟ್‌ನಲ್ಲಿ ಬಣ್ಣ ಸುಳ್ಳು ಹೇಳುತ್ತೆ ಅಂದ್ರು."

"ಚೌಕಾಸಿ ಮಾಡಿದ್ರಾ?"

"ಇಲ್ಲ. ರೇಟೇ ಕೇಳಲಿಲ್ಲ. ಎಷ್ಟು ಹೊತ್ತಿಗೆ ಒಣಗುತ್ತೆ ಅಂತ ಮಾತ್ರ ಕೇಳಿದ್ರು. ಹೇಳಿದ ಮೇಲೂ ಮತ್ತೆ ಕೇಳಿದ್ರು."

ಇನ್ಸ್‌ಪೆಕ್ಟರ್ ಇದನ್ನು ಕೇಳಿ ಪಂಚನಾಮೆಯ ನಕ್ಷೆ ಬಿಚ್ಚಿದರು. "ದುಡ್ಡಿಲ್ಲದೋನು ರೇಟ್ ಕೇಳದೆ ಇರ್ತಾನಾ? ಪೇಂಟರ್ ನಮ್ಮನ್ನ ದಾರಿ ತಪ್ಪಿಸಿದ. ಬಾಗಿಲು ಬಿಟ್ಟುಬಿಡೋಣ. ಆ ಗಲ್ಲಿ ಮುಂದೆ ಎಲ್ಲಿಗೂ ಹೋಗಲ್ಲ. ಭಾನುವಾರ ಗೋದಾಮಿಗೆಲ್ಲ ರಜ, ಬೀಗ ರಿಪೇರಿಗೆ ಅವತ್ತು ಕರೆದಿದ್ದೂ ಅದಕ್ಕೇ. ಅಲ್ಲಿಗೆ ಕಾರಲ್ಲಿ ಯಾರು ಯಾಕೆ ಹೋಗ್ತಾರೆ?"

ಉಳಿದದ್ದು ಶಾಲೆಯ ಗೇಟು. ಶುಕ್ರವಾರ ಬೆಳಿಗ್ಗೆ ಹೆಡ್ ಕಾನ್ಸ್‌ಟೇಬಲ್ ಶಾಲೆಯ ಕಾವಲುಗಾರನನ್ನು ಮಾತಾಡಿಸಿದರು.

"ಭಾನುವಾರ ಯಾರು ಬಂದಿದ್ರು?"

"ಯಾರೂ ಇಲ್ಲ ಮೇಡಂ. ಟೈಲರ್ ಬಿಟ್ರೆ. ಯೂನಿಫಾರಂ ತಂದುಕೊಟ್ಟು ಹೋದ್ರು."

"ಯಾವುದರಲ್ಲಿ ಬಂದ್ರು?"

"ಅವರದ್ದು ಮೊಪೆಡ್ ಇದೆ. ಅದರಲ್ಲೇ ಬಂದಿರ್ತಾರೆ. ನಾನು ಗೇಟಿನ ಬೀಗ ತೆಗೆದು ನೀರಿನ ಮೋಟರ್ ಹಾಕೋಕೆ ಹೋಗಿದ್ದೆ."

"ಯೂನಿಫಾರಂ ಎಲ್ಲಿ?"

ಅವು ಸ್ಟಾಫ್ ರೂಮಿನಲ್ಲಿದ್ದವು. ಗೋಡೆಗೆ ಆನಿಸಿಟ್ಟ ಆರು ಗಂಟು, ಒಂದೊಂದೂ ದಿಂಡಿನಂಥ ಗಂಟು. ಹೆಡ್ ಕಾನ್ಸ್‌ಟೇಬಲ್ ಒಂದನ್ನು ಎತ್ತಲು ನೋಡಿ ಬಿಟ್ಟುಬಿಟ್ಟರು.

"ಗೇಟು ಎಷ್ಟು ಸಲ ತೆಗೆದೆ?"

"ಒಂದೇ ಸಲ."

ಲೈಟ್‌ನಲ್ಲಿ ಬಣ್ಣ ಸುಳ್ಳು ಹೇಳುತ್ತೆ ಎನ್ನುವವರು ಯಾರು ಎಂಬುದು ಆಗ ಅವರಿಗೆ ಹೊಳೆಯಿತು. ದಾರದ ಉಂಡೆ ಹಿಡಿದು ಬಾಗಿಲಾಚೆ ಬಂದು ಬಟ್ಟೆಗೆ ಹೊಂದಿಸಿ ನೋಡುವವರನ್ನು ಅವರೂ ಬೇಕಾದಷ್ಟು ಕಂಡಿದ್ದರು.

ಟೈಲರ್ ಅಂಗಡಿ ಮೆಟ್ಟಿಲ ಕೆಳಗಿನ ಸಣ್ಣ ಕೋಣೆ. ಎರಡು ಮಿಷನ್ನು, ಗೋಡೆಗೆ ಅಂಗಿಯ ಅಳತೆಯ ಕಾಗದದ ಕಟಿಂಗುಗಳು, ಸೀಮೆಸುಣ್ಣದ ಪುಡಿ ಬಿದ್ದ ಮೇಜು. ಅರವತ್ತರ ಆಸುಪಾಸಿನ ಟೈಲರ್ ಕನ್ನಡಕವನ್ನು ಹಣೆಗೆ ಏರಿಸಿ ಎದ್ದು ನಿಂತರು.

"ಭಾನುವಾರ ಶಾಲೆಗೆ ಹೇಗೆ ಹೋದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಮೊಪೆಡ್‌ನಲ್ಲಿ."

"ಆರು ಗಂಟು?"

"ಮೂರು ಸಲ ಹೋಗಿಬಂದೆ."

"ಗೇಟು ಒಂದೇ ಸಲ ತೆಗೆದಿದ್ದಾರೆ."

ಟೈಲರ್ ಕತ್ತರಿಯನ್ನು ಎತ್ತಿಕೊಂಡು, ಮತ್ತೆ ಅದೇ ಜಾಗದಲ್ಲಿಟ್ಟರು. "ಹೊರಗೇ ಇಳಿಸಿಕೊಂಡಿದ್ದೆ" ಎಂದರು.

"ನಿಮ್ಮ ಮನೇಲಿ ಕಾರಿದೆಯಾ?"

"ನಮಗೆಲ್ಲಿ ಸಾರ್ ಕಾರು."

"ಮಕ್ಕಳ ಮನೇಲಿ?"

ಟೈಲರ್ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ಮಿಷನ್ನಿನ ಮುಂದೆ ಕೂತರು. ಇನ್ಸ್‌ಪೆಕ್ಟರ್ ಒತ್ತಾಯಿಸಲಿಲ್ಲ, ಬಂಧಿಸಲೂ ಇಲ್ಲ. ಹೊರಗೆ ಬಂದು, "ಸುಳ್ಳು ಹೇಳೋದು ಅಭ್ಯಾಸ ಇಲ್ಲ ಪಾಪ" ಎಂದರು. ಅದರಲ್ಲಿ ಸಿಟ್ಟೂ ಇತ್ತು, ಕನಿಕರವೂ ಇತ್ತು.

ಟೈಲರ್‌ಗೆ ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಳಿಯ ಕಂಪನಿಯ ಕೆಲಸಕ್ಕೆಂದು ಊರೂರು ಸುತ್ತುವವನು. ಹೋದವಾರ ಟೂರ್ ಹೋದವನು ಇನ್ನೂ ಬಂದಿರಲಿಲ್ಲ. ಶನಿವಾರ ಹತ್ತು ಗಂಟೆಗೆ ಮೂವರೂ ಆ ಫ್ಲ್ಯಾಟಿಗೆ ಹೋದರು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಂಬದ ಮರೆಗೆ ಕಾರು ನಿಂತಿತ್ತು. ಮೇಲೆ ಹೊದಿಕೆ, ಹೊದಿಕೆಯ ಮೂಲೆಗಳಿಗೆ ಕಟ್ಟಿದ ದಾರ.

ಮಗಳೇ ಬಂದು ಹೊದಿಕೆ ತೆಗೆದಳು. ಬೂದು ಬಣ್ಣ. ಎಡಗಡೆಯ ಹಿಂಬಾಗಿಲ ಮೇಲೆ ಸೈಲೆನ್ಸರ್ ಟಾರ್ಚ್ ಬಿಟ್ಟ, ಬಗ್ಗಿ ನೋಡಿದ, ಕೈಯಾಡಿಸಿದ. ಒಂದೇ ಒಂದು ತೊಟ್ಟು ಸೋರಿರಲಿಲ್ಲ.

"ಕಂಪನಿಯಿಂದ ಬಂದ ಹಾಗಿದೆ ಸಾರ್" ಎಂದು ನಿರಾಸೆಯಿಂದ ಹೇಳಿದ. ನೆಲಮಾಳಿಗೆಯೆಲ್ಲ ಮೊಳಗಿತು.

"ಬಿಸಿಲಿಗೆ ತನ್ನಿ" ಎಂದರು ಹೆಡ್ ಕಾನ್ಸ್‌ಟೇಬಲ್.

ಕಾರನ್ನು ಅಂಗಳಕ್ಕೆ ತಂದರು. ಬಿಸಿಲಲ್ಲಿ ಬಾಗಿಲು ಎರಡು ಬಣ್ಣವಾಯಿತು. ನಡುವೆಲ್ಲ ಹೊಸ ಬೂದು, ಸುತ್ತಲೂ ಹಳೆಯ ಬೂದು. ಫೋಟೊಕ್ಕೆ ಕಟ್ಟು ಹಾಕಿದಂತೆ ಬಾಗಿಲಿನ ನಾಲ್ಕೂ ಅಂಚಿಗೆ, ಹಿಡಿಕೆಯ ಸುತ್ತಕ್ಕೆ, ಗಾಜಿನ ಕೆಳಗೆ ಎಲ್ಲ ಕಡೆ ಬೆರಳಗಲ ಜಾಗ ಬಿಟ್ಟಿತ್ತು. ಗೆರೆ ಎಲ್ಲೂ ಅಂಕುಡೊಂಕಾಗಿರಲಿಲ್ಲ. ಮೂಲೆಗಳಲ್ಲಿ ನಯವಾಗಿ ದುಂಡಗಾಗಿತ್ತು.

"ಇದೇನು ಹೀಗೆ? ಪೇಂಟರ್‌ಗಳು ಅಂಚಿನ ತನಕ ಹೊಡೀತಾರಲ್ಲ" ಎಂದ ಸೈಲೆನ್ಸರ್.

"ಪೇಂಟರ್ ಹೊಡೆದಿಲ್ಲ. ಪಕ್ಕಕ್ಕೆ ಬಣ್ಣ ತಾಗದಿರಲಿ ಅಂತ ಕಾಗದ ಕತ್ತರಿಸಿ ಅಂಟಿಸ್ತಾರೆ. ಅಂಚಿಗೆ ಸರಿಯಾಗಿ ಕತ್ತರಿಸ್ಬೇಕು. ಇವರು ಟೈಲರ್ ಅಲ್ವಾ, ಹೊಲಿಗೆಗೆ ಅಂತ ಬೆರಳಗಲ ಜಾಸ್ತಿ ಬಿಟ್ಟು ಕತ್ತರಿಸಿದ್ದಾರೆ, ಅಷ್ಟು ಕಾಗದ ಬಾಗಿಲ ಮೇಲೆ ಬಂದಿದೆ." ಹೆಡ್ ಕಾನ್ಸ್‌ಟೇಬಲ್‌ಗೆ ನಗು ಬಂದಿತ್ತು. ಮಗಳ ಮುಖ ನೋಡಿ ನಗು ಅಲ್ಲೇ ನಿಂತಿತು.

"ಕೀ ನಾನೇ ಕೊಟ್ಟೆ ಮೇಡಂ" ಎಂದಳು ಮಗಳು. "ಸೋಮವಾರಕ್ಕೆ ಯೂನಿಫಾರಂ ತಲುಪಿಸ್ಬೇಕಿತ್ತು. ಅಷ್ಟು ಗಂಟು ಮೊಪೆಡ್‌ನಲ್ಲಿ ಹಾಕ್ಕೊಂಡು ಯಾಕೆ ಒದ್ದಾಡ್ತೀಯ, ತಗೊಂಡು ಹೋಗಪ್ಪ ಅಂದೆ. ಕಂಬಕ್ಕೆ ಉಜ್ಜಿದೆ ಅಂದ್ರು. ನಾನು ನಂಬಿದೆ." ಸ್ವಲ್ಪ ತಡೆದು, "ನಂಬಿದೆ ಅಂತ ಅಂದ್ಕೊಂಡೆ" ಎಂದಳು.

ಕಾರನ್ನು ಜಪ್ತಿ ಮಾಡಲಾಯಿತು. ಬಾಗಿಲಿನ ಒಂದು ಮೂಲೆ ಕೆರೆದಾಗ ಹೊಸ ಬಣ್ಣದ ಕೆಳಗೆ ಪಟ್ಟಿ, ಪಟ್ಟಿಯ ಕೆಳಗೆ ತಗ್ಗು. ಬಿಟ್ಟ ಅಂಚಿನಿಂದ ಹಳೆಯ ಬಣ್ಣದ ಮಾದರಿ ತೆಗೆದು ಸೈಕಲ್ಲಿನ ಚಕ್ಕೆಯೊಡನೆ ಪ್ರಯೋಗಾಲಯಕ್ಕೆ ಕಳಿಸಿದರು. ಪಂಚನಾಮೆ ಮುಗಿದದ್ದು ಹನ್ನೆರಡೂ ಮುಕ್ಕಾಲಿಗೆ. ಒಂದೂವರೆಗೆ ಟೈಲರ್ ಅವರನ್ನು ಬಂಧಿಸಲಾಯಿತು. ಅವರು ಮಿಷನ್ನಿಗೆ ಹೊದಿಕೆ ಹಾಕಿ, ಗಿರಾಕಿಗಳ ಬಟ್ಟೆಗಳನ್ನು ಪಕ್ಕದ ಅಂಗಡಿಯಲ್ಲಿ ಒಪ್ಪಿಸಿ ಹೊರಟರು.

ವಿಚಾರಣೆ ಬೇಗ ಮುಗಿಯಿತು.

"ನಿಲ್ಲಿಸಿದ್ರಿ. ಬಾಗಿಲು ತೆಗೆದ್ರಿ. ಯಾಕೆ ಇಳಿಯಲಿಲ್ಲ?"

"ಅವರು ಎದ್ದು ಕೂತ್ರು ಸಾರ್. ಕೂತ್ರಲ್ಲ, ಏನೂ ಆಗಿಲ್ಲ ಅಂದ್ಕೊಂಡೆ."

"ಅಂದ್ಕೊಂಡ್ರಾ, ಅಂದ್ಕೋಬೇಕಿತ್ತಾ?"

ಟೈಲರ್ ತಲೆ ತಗ್ಗಿಸಿದರು. "ಅಂದ್ಕೋಬೇಕಿತ್ತು."

"ಅವರ ಬಲಗೈ ಮುರಿದಿದೆ. ಬೀಗ ರಿಪೇರಿ ಮಾಡೋ ಕೈ. ನಿಮಗೂ ಕೈ ಅಂದ್ರೆ ಏನು ಅಂತ ಗೊತ್ತಿರ್ಬೇಕಲ್ಲ?" ಇನ್ಸ್‌ಪೆಕ್ಟರ್ ದನಿ ಏರಿಸಿದ್ದು ಇಡೀ ಪ್ರಕರಣದಲ್ಲಿ ಇದೊಂದೇ ಸಲ. ಟೈಲರ್ ತಮ್ಮ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡರು.

ಆಮೇಲೆ ಹೆಡ್ ಕಾನ್ಸ್‌ಟೇಬಲ್ ಕೇಳಿದರು. "ಪೇಂಟರ್ ಹತ್ರ ಯಾಕೆ ಹೋಗಲಿಲ್ಲ? ಎಂಟು ಸಾವಿರ ಇರಲಿಲ್ವಾ?"

"ಇತ್ತು ಮೇಡಂ. ಯೂನಿಫಾರಂ ದುಡ್ಡು ಮುಂಗಡ ಬಂದಿತ್ತು. ಸೋಮವಾರ ಬೆಳಿಗ್ಗೆ ಕಾರು ಬಿಟ್ಟು ನಾನೊಬ್ಬನೇ ಹೋಗಿ ಕೇಳಿದೆ. ನಾಲ್ಕು ದಿನ ಬೇಕು ಅಂದ್ರು. ಅಳಿಯಂದ್ರು ಗುರುವಾರ ಬರೋರಿದ್ರು."

ಸೈಲೆನ್ಸರ್ ಹಣೆ ಚಚ್ಚಿಕೊಂಡ. ಪೇಂಟರ್‌ಗಳನ್ನು ಅವರು ಕೇಳಿದ್ದು ಕಾರು ತಂದವರ ಬಗ್ಗೆ. ಬರಿಗೈಯಲ್ಲಿ ಬಂದು ರೇಟು ವಿಚಾರಿಸಿದವರ ಬಗ್ಗೆ ಯಾರೂ ಕೇಳಿರಲಿಲ್ಲ.

"ಅಳಿಯನಿಗೆ ಹೇಳಿದ್ರೆ ಏನಾಗ್ತಿತ್ತು?"

"ನನಗೇನೂ ಆಗ್ತಿರ್ಲಿಲ್ಲ. ನನ್ನನ್ನ ಏನೂ ಅನ್ನಲ್ಲ ಅವರು, ಮರ್ಯಾದಸ್ತರು. ಅವಳಿಗೆ ಅಂತಾರೆ. ಒಂದು ಸಲ ಕಾಫಿ ಕಪ್ಪು ಒಡೆದಿದ್ದಕ್ಕೆ ಒಂದು ತಿಂಗಳು ಅಂದಿದ್ರು. ನಿಮ್ಮ ಅಪ್ಪನ ಮನೆ ಅಂದ್ಕೊಂಡಿದೀಯಾ ಅಂತ." ಟೈಲರ್ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. "ಕಾರು ಅವರದ್ದು. ಕೇಳದೆ ಕೊಟ್ಟವಳು ಇವಳು."

"ಬಾಗಿಲ ಅಂಚು ನೋಡ್ಕೊಂಡಿರ್ಲಿಲ್ವಾ?"

"ಕಾಗದ ಬಿಚ್ಚಿದ ಮೇಲೆ ನೋಡಿದೆ. ಮತ್ತೆ ಬಿಚ್ಚಿ ಹೊಲಿಯೋಕೆ ಟೈಮ್ ಇರ್ಲಿಲ್ಲ."

ಅಳಿಯ ಗುರುವಾರ ಬರಲಿಲ್ಲ, ಅವನ ಕೆಲಸ ಮುಗಿಯದೆ ಭಾನುವಾರಕ್ಕೆ ಹೋಗಿತ್ತು. ಪೇಂಟರ್‌ಗೆ ಕೊಟ್ಟಿದ್ದರೆ ಬಾಗಿಲು ಶುಕ್ರವಾರವೇ ತಯಾರಾಗಿರುತ್ತಿತ್ತು. ಇದನ್ನು ಟೈಲರ್‌ಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವರಿಗದು ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಅಳಿಯ ಬ್ಯಾಗಿನ ಸಮೇತ ನೇರವಾಗಿ ಠಾಣೆಗೆ ಬಂದ. ಮಗಳು ಬೆಂಚಿನ ಮೇಲೆ ಕೂತಿದ್ದಳು. ಟೈಲರ್ ಪಕ್ಕದ ಲಾಕಪ್ಪಿನಲ್ಲಿದ್ದರು. ಮಧ್ಯಾಹ್ನ ಅವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಅಳಿಯ ಯಾರನ್ನೂ ಮಾತಾಡಿಸದೆ ಮೊದಲು ಅಂಗಳಕ್ಕೆ ಹೋಗಿ ಕಾರಿನ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಳಗೆ ಬಂದು ಇನ್ಸ್‌ಪೆಕ್ಟರ್ ಎದುರು ಕೂತು, "ಇದನ್ನೆಲ್ಲ ಕೆರೆದು ಹೊಸದಾಗಿ ಹೊಡೆಸ್ಬೇಕು. ಕಮ್ಮಿ ಅಂದ್ರೂ ಹನ್ನೆರಡು ಸಾವಿರ. ಅದನ್ನ ಯಾರು ಕೊಡ್ತಾರೆ?" ಎಂದು ಕೇಳಿದ.

ಇನ್ಸ್‌ಪೆಕ್ಟರ್ ಆಸ್ಪತ್ರೆಯ ಕಾಗದವನ್ನು ಅವನ ಮುಂದಿಟ್ಟರು. "ಗಾಯ ಆದವರಿಗೆ ಬುಧವಾರದೊಳಗೆ ಆಪರೇಷನ್ ಆಗ್ಬೇಕು. ಇನ್ಶೂರೆನ್ಸ್‌ನವರಿಗೆ ಗಾಡಿ ಮಾಲೀಕರು ಇವತ್ತೇ ಬರೆದುಕೊಟ್ರೆ ಅವರು ಆಸ್ಪತ್ರೆಗೆ ಒಪ್ಪಿಗೆ ಕಳಿಸ್ತಾರೆ."

"ಕ್ಲೇಮ್ ಮಾಡಿದ್ರೆ ಮುಂದಿನ ವರ್ಷದ ಪ್ರೀಮಿಯಂ ಏರುತ್ತೆ ಸಾರ್. ಇದು ನಮ್ಮಿಂದ ಆಗಿದ್ದಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಂದೆರಡು ದಿನ ಯೋಚಿಸಿ ಹೇಳ್ತೀವಿ."

"ಯೋಚಿಸೋಕೆ ಏನಿದೆ?" ಎಂದಳು ಮಗಳು.

ಅವಳು ಬೆಂಚಿನಿಂದ ಎದ್ದು ಬಂದಿದ್ದಳು. "ಗಾಡಿ ನನ್ನ ಹೆಸರಲ್ಲಿದೆ ಸಾರ್. ಸಾಲ ನನ್ನ ಹೆಸರಲ್ಲಿದೆ. ಕಂತು ನನ್ನ ಸಂಬಳದಿಂದ ಹೋಗ್ತಿದೆ. ಎಲ್ಲಿ ಸೈನ್ ಮಾಡ್ಬೇಕು ಹೇಳಿ."

ಜಪ್ತಿ ಮಾಡಿದ ದಿನವೇ ಇದು ಠಾಣೆಯವರಿಗೆ ತಿಳಿದಿತ್ತು. ಇದು ಅವಳೇ ಹೇಳಬೇಕಾದ ಮಾತು ಎಂದು ಹೆಡ್ ಕಾನ್ಸ್‌ಟೇಬಲ್ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಈಗ ಪೆನ್ನು ತೆಗೆದುಕೊಟ್ಟರು. ಅಳಿಯ ಏನೋ ಹೇಳಲು ಬಾಯಿ ತೆರೆದ. "ಹೊರಗೆ ಬೆಂಚಿದೆ, ಅಲ್ಲಿ ಕೂತ್ಕೊಳ್ಳಿ ಸಾರ್" ಎಂದ ಸೈಲೆನ್ಸರ್. ಜೀವಮಾನದಲ್ಲಿ ಮೊದಲ ಬಾರಿಗೆ ಮೆಲ್ಲಗೆ ಹೇಳಿದ.

ಲಾಕಪ್ಪಿನ ಬಾಗಿಲು ಆ ಮೇಜಿನಿಂದ ನಾಲ್ಕು ಹೆಜ್ಜೆ. ಟೈಲರ್‌ಗೆ ಎಲ್ಲವೂ ಕೇಳಿಸಿತ್ತು. ಅವರು ಕಂಬಿ ಹಿಡಿದು ನಿಂತಿದ್ದರು.

"ಗಾಡಿ ನಿಂದಾ?"

"ಹೂಂ ಅಪ್ಪ."

"ಮತ್ತೆ ನಾನು ಯಾರಿಗೆ ಹೆದರ್ಕೊಂಡೆ?"

ಮಗಳು ಸಹಿ ಮುಗಿಸಿ, ಪೆನ್ನಿನ ಮುಚ್ಚಳ ಹಾಕಿದಳು. "ನಾನೂ ಅಷ್ಟೇ ಅಲ್ವಾ ಅಪ್ಪ" ಎಂದಳು. "ನೀನು ಒಂದು ವಾರ ಹೆದರ್ಕೊಂಡೆ. ನಾನು ಆರು ವರ್ಷ."

ಮಂಗಳವಾರ ಬೀಗದವರ ಕೈಗೆ ಪ್ಲೇಟ್ ಹಾಕಿದರು. ಬೆರಳು ಎಷ್ಟು ಮಡಚುತ್ತದೆ ಎನ್ನುವುದು ಕಟ್ಟು ಬಿಚ್ಚಿದ ಮೇಲೆ ತಿಳಿಯಬೇಕು ಎಂದರು ಡಾಕ್ಟರು. ಟೈಲರ್‌ಗೆ ಜಾಮೀನು ಸಿಕ್ಕಿತು. ಜಾಮೀನಿಗೆ ನಿಂತವಳು ಮಗಳು. ಅಂದಿನಿಂದ ಅವಳು ಮೆಟ್ಟಿಲ ಕೆಳಗಿನ ಅಂಗಡಿಯ ಹಿಂದಿನ ಅಪ್ಪನ ಮನೆಯಲ್ಲೇ ಇದ್ದಾಳೆ. ವಾಪಸು ಹೋಗುವ ವಿಷಯ ಅವಳೂ ಎತ್ತಿಲ್ಲ, ಅಪ್ಪನೂ ಎತ್ತಿಲ್ಲ.

ಪ್ರಯೋಗಾಲಯದ ವರದಿ ಬಂದ ಮೇಲೆ ಆರೋಪಪಟ್ಟಿ ಸಿದ್ಧವಾಯಿತು. ಸಾಕ್ಷ್ಯ ಮರೆಮಾಚಿದ ಉದ್ದೇಶ ಎಂಬಲ್ಲಿ ಸೈಲೆನ್ಸರ್ 'ಬಣ್ಣ ಬಳಿಸುವ ಖರ್ಚು ಉಳಿಸಲು' ಎಂದು ಬರೆದಿದ್ದ. ಇನ್ಸ್‌ಪೆಕ್ಟರ್ ಅದನ್ನು ಹೊಡೆದುಹಾಕಿದರು. ಅದರ ಮೇಲೆ 'ಮಗಳ ಮೇಲೆ ಮಾತು ಬರಬಾರದೆಂದು' ಎಂದು ಬರೆದು ಸಹಿ ಹಾಕಿದರು.